ಅಮೆರಿಕದ ಹಳೇ ವಿಂಡ್ಸರ್ ಕುರ್ಚಿ, ಬಣ್ಣ ತೆಗೆಸಬೇಕೋ ಬ್ಯಾಡೋ?

ಹುಬ್ಬಳ್ಳಿ_ಮಂದಿ: ನಮಸ್ಕಾರ್ರೀ ಎಲ್ಲಾರ್ಗೂ. ನಮ್ಮ ಕಾಕಾ ಪೆನ್ಸಿಲ್ವೇನಿಯಾದಾಗ ಇರ್ತಾರ, ಅಲ್ಲಿ ಹಳೇ ಸಾಮಾನು ಹರಾಜಿನ್ಯಾಗ ಒಂದು ವಿಂಡ್ಸರ್ ಕುರ್ಚಿ ತಗೊಂಡಾರ, ಬೆನ್ನಿಗೆ ಕಮಾನು ಬಗ್ಗಿಸಿದ ಕಟ್ಟಿಗಿ, ನಡುವ ಸಣ್ಣ ಸಣ್ಣ ಕಡ್ಡಿ, ಮ್ಯಾಲೆ ಕರೇ ಬಣ್ಣ, ಸವದಲ್ಲೆ ಹಸರು ಇಣುಕ್ತೈತಿ. ಊರಿಗೆ ಬರೋವಾಗ ತರ್ತಾರಂತ. ನಮ್ಮ ಮಿಸ್ತ್ರಿ ಕಡೆ ರಿಮೂವರ್ ಹಚ್ಚಿಸಿ ಪಾಲಿಶ್ ಹೊಡಸೂಣು ಅಂತೀನಿ, ಒಳಗ ಚಲೋ ಕಟ್ಟಿಗಿ ಇರಬೇಕಲ್ಲ? ಮತ್ತ ಮಾಡಿದವ್ರು ಯಾರಂತ ಹೆಂಗ ತಿಳೀತೈತಿ?

ಸಾಧನಕೇರಿ_ಕಟ್ಟೆ: ದಯವಿಟ್ಟು ರಿಮೂವರ್ ಮುಟ್ಟಿಸಬ್ಯಾಡ್ರಿ! ಸಾಗವಾನಿ ಕುರ್ಚಿ ಲೆಕ್ಕ ಇದಕ್ಕ ಹಿಡಿಯಂಗಿಲ್ಲ. ಒಂದ ಕುರ್ಚಿಯೊಳಗ ಮೂರು ನಾಕು ಜಾತಿ ಕಟ್ಟಿಗಿ ಇರ್ತಾವ, ಸೀಟಿಗೆ ಮೆತ್ತನ್ನ ಪೈನ್ ಇಲ್ಲಾ ಟ್ಯೂಲಿಪ್ ಪಾಪ್ಲರ್, ಕೂಡೋ ತಗ್ಗು ಕೆತ್ತಲಿಕ್ಕೆ ಸಲೀಸು, ಕಾಲಿಗೆ ಮೇಪಲ್, ಯಾಕಂದ್ರ ಲೇತ್‌ನಾಗ ನುಣುಪಾಗಿ ಬರ್ತದ, ಕಡ್ಡಿಗೆ ಹಿಕರಿ, ಎಷ್ಟು ಮಣಿದ್ರೂ ಮುರಿಯಂಗಿಲ್ಲ. ಇವೆಲ್ಲಾನೂ ಒಂದು ಮಾಡೋದೇ ಬಣ್ಣ, ಮಾಡಿದವ್ರು ಬಣ್ಣ ಹಚ್ಚೋ ಲೆಕ್ಕದಾಗೇ ಕಟ್ಟಿಗಿ ಆರಿಸ್ಯಾರ. ಫಿಲಡೆಲ್ಫಿಯಾದಾಗ 1740ರ ದಶಕದಿಂದ ಇವನ್ನ ಮಾಡ್ಲಿಕ್ಕೆ ಹತ್ತಿದ್ರು, ಆಗ ಹೆಚ್ಚಾಗಿ ಹಸರೇ, ತಾಮ್ರದ ಕಿಲುಬನ್ನ ಅಗಸಿ ಎಣ್ಣಿಯೊಳಗ ಅರದು ಹಚ್ತಿದ್ರು. ನಿಮ್ಮದರಾಗ ಕೆಳಗ ಕಾಣೋ ಹಸರು ಮೊದಲಿನದೇ ಇದ್ದೀತು. ಕೆರದ ಕುರ್ಚಿಗೂ ಮೂಲ ಬಣ್ಣದ ಕುರ್ಚಿಗೂ ಬೆಲಿಯೊಳಗ ಭಾಳ ಫರಕ್ ಅದ. ಹಳೇ ಬಣ್ಣದಾಗ ಸೀಸ ಇರ್ತದ, ಸ್ಯಾಂಡ್‌ಪೇಪರ್ ಅಂತೂ ಹಚ್ಚಲೇಬ್ಯಾಡ್ರಿ.

ಬಡಿಗೇರ_ಗದಗ: ಮ್ಯಾಲಿನವ್ರು ಹೇಳಿದ್ದು ಖರೆ. ನಾ ಕೆಲಸದವ ಆಗಿ ಒಂದು ಮಾತು, ಇದರಾಗ ಕಾಲು, ಬೆನ್ನು ಎರಡೂ ಸೀಟಿನ ಹಲಗಿಗೇ ಬ್ಯಾರೆ ಬ್ಯಾರೆ ಕೂಡ್ತಾವ, ಚಕ್ಕಡಿ ಗಾಲಿ ಗುಂಬಕ್ಕ ಅರ ಕೂಡ್ಸಿದಂಗ. ಕಾಲಿನ ತುದಿ ಪೂರಾ ಒಣಗಿಸಿ, ಹಲಗಿ ಇನ್ನೂ ಸ್ವಲ್ಪ ಹಸಿ ಇದ್ದಾಗ ತೂತಿಗೆ ಹೊಡದು ಬೆಣಿ ಹಾಕ್ತಾರ, ಹಲಗಿ ಆರಿದಂಗ ತೂತು ಬಿಗದು ಕಾಲು ಹಿಡ್ಕೋತೈತಿ. ಎಷ್ಟು ಚಂದ ವಿಚಾರ ನೋಡ್ರಿ! ಅಲುಗಾಡ್ತೈತಿ ಅಂತ ಮಿಸ್ತ್ರಿ ಮೊಳಿ ಹೊಡದ್ರ ಕೆಲಸ ಕೆಟ್ಟಂಗ.

ಸಾಧನಕೇರಿ_ಕಟ್ಟೆ: ಮಾಡಿದವ್ರ ಹೆಸರಿಗೆ ಸೀಟು ಬೋರಲ ಹಾಕಿ ನೋಡ್ರಿ. ಕಾಸಿದ ಕಬ್ಬಿಣದ ಮುದ್ರಿಯಿಂದ ಸುಟ್ಟು ಹೆಸರು ಒತ್ತತಿದ್ರು. ಫಿಲಡೆಲ್ಫಿಯಾದ ಫ್ರಾನ್ಸಿಸ್ ಟ್ರಂಬಲ್, ಜೋಸೆಫ್ ಹೆಂಝಿ, ಕನೆಕ್ಟಿಕಟ್‌ನ ಎಬೆನೀಜರ್ ಟ್ರೇಸಿ ಹಿಂಗ ಒತ್ತಿದವ್ರು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಸೈತ 1796ರಾಗ ತನ್ನ ಮನಿ ಮೌಂಟ್ ವರ್ನನ್‌ನ ಪಡಸಾಲಿಗೆ ಗಿಲ್ಬರ್ಟ್ ಮತ್ತ ರಾಬರ್ಟ್ ಗಾ ಅನ್ನೋವ್ರ ಕಡಿಂದ ವಿಂಡ್ಸರ್ ತರಿಸಿದ್ದ. ಆದ್ರ ಮುದ್ರಿ ಇದ್ದ ಕೂಡ್ಲೆ ಮಾಡಿದವ್ನದೇ ಅನ್ನಂಗಿಲ್ಲ, ಕುರ್ಚಿ ಮಾಲಕರೂ ಒಮ್ಮೊಮ್ಮೆ ತಮ್ಮ ಹೆಸರು ಸುಡ್ತಿದ್ರು, ಎಷ್ಟೋ ಚಲೋ ಕುರ್ಚಿಗೆ ಮುದ್ರಿನೇ ಇರಂಗಿಲ್ಲ. ಕಾಕಾಗ ತಳದ ಫೋಟೊ ಈಗ್ಲೇ ಕಳಸಂತ ಹೇಳ್ರಿ, ಇಲ್ಲೇ ಹಾಕ್ರಿ, ನೋಡೂಣು.