ನಾಲ್ಕು ವರ್ಷದ ಮಗುವನ್ನು ಆರ್ಕೆಸ್ಟ್ರಾ ಕೇಳಿಸಲು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಾವು ಲಂಡನ್‌ಗೆ ಬಂದು ಸ್ವಲ್ಪ ಕಾಲವಾಯಿತು. ಮಗನಿಗೆ ಏಳು ವರ್ಷ, ಮಗಳಿಗೆ ಈಗ ನಾಲ್ಕು ತುಂಬಿದೆ. ಸ್ಕೂಲಿನಿಂದ ಫ್ಯಾಮಿಲಿ ಕಾನ್ಸರ್ಟ್ ಬಗ್ಗೆ, ಅಂದರೆ ಮಕ್ಕಳ ಜೊತೆ ಹೋಗಿ ಕೇಳುವ ಪಾಶ್ಚಾತ್ಯ ಸಂಗೀತದ ಆರ್ಕೆಸ್ಟ್ರಾ ಬಗ್ಗೆ ಚೀಟಿ ಬಂದಿದೆ. ಗಣೇಶನ ಹಬ್ಬದ ಆರ್ಕೆಸ್ಟ್ರಾ ಬಿಟ್ಟರೆ ನನಗೂ ಇವರಿಗೂ ಬೇರೆ ಗೊತ್ತಿಲ್ಲ. ಮಗಳು ಒಂದು ಕಡೆ ಕೂರುವವಳಲ್ಲ. ದುಡ್ಡು ಕೊಟ್ಟು ಹೋಗಿ ಮಧ್ಯೆ ಎದ್ದು ಬರುವ ಹಾಗಾದರೆ? ಹೋಗಿ ಬಂದವರು ಹೇಳಿ.

ಇಬ್ಬರು ಗಂಡುಮಕ್ಕಳ ಅಮ್ಮ: ಧಾರಾಳವಾಗಿ ಹೋಗಿ. ಆದರೆ ಇಬ್ಬರನ್ನೂ ಒಂದೇ ಕಾನ್ಸರ್ಟ್‌ಗೆ ಎಳೆದುಕೊಂಡು ಹೋಗಬೇಡಿ. ಲಂಡನ್ ಸಿಂಫನಿ ಆರ್ಕೆಸ್ಟ್ರಾದವರು ಬಾರ್ಬಿಕನ್ ಹಾಲ್‌ನಲ್ಲಿ ಮಾಡುವ ಫ್ಯಾಮಿಲಿ ಕಾನ್ಸರ್ಟ್ ನಿಮ್ಮ ಮಗನಿಗೆ ಸರಿಹೋಗುತ್ತದೆ. ಸುಮಾರು ಒಂದು ಗಂಟೆ. ನಿರೂಪಕರು ಮಕ್ಕಳನ್ನು ಮಾತಾಡಿಸುತ್ತಾ, ಚಪ್ಪಾಳೆ ತಟ್ಟಿಸುತ್ತಾ, ಹಾಡಿಸುತ್ತಾ ನಡೆಸಿಕೊಂಡು ಹೋಗುತ್ತಾರೆ. ಚಿಕ್ಕವಳಿಗೆ ಓಲ್ಡ್ ಸ್ಟ್ರೀಟ್ ಹತ್ತಿರ ಅವರದೇ ಸೇಂಟ್ ಲ್ಯೂಕ್ಸ್ ಇದೆ, ಹಳೇ ಚರ್ಚಿನ ಕಟ್ಟಡ. ಅಲ್ಲಿ ಐದರೊಳಗಿನ ಮಕ್ಕಳಿಗೇ ಅಂತ ಕಾರ್ಯಕ್ರಮ ಇಡುತ್ತಾರೆ. ಟಿಕೆಟ್ ತೆಗೆಯುವಾಗ ವಯಸ್ಸು ಎಷ್ಟು ಹಾಕಿದ್ದಾರೆ ನೋಡಿಕೊಳ್ಳಿ. ಅದನ್ನು ಸುಮ್ನೆ ಹಾಕಿರುವುದಿಲ್ಲ.

ಹೋಗುವ ಮೊದಲು ಮನೆಯಲ್ಲಿ ಸ್ವಲ್ಪ ಕೇಳಿಸಿ. ಪೂರ್ತಿ ಬೇಡ. ರಷ್ಯಾದ ಸಂಗೀತ ಸಂಯೋಜಕ ಪ್ರೊಕೋಫಿಯೆವ್ 1936ರಲ್ಲಿ ಮಾಸ್ಕೋದ ಮಕ್ಕಳ ರಂಗಮಂದಿರಕ್ಕಾಗಿ ಬರೆದ 'ಪೀಟರ್ ಅಂಡ್ ದ ವುಲ್ಫ್' ಇದಕ್ಕೆ ಹೇಳಿ ಮಾಡಿಸಿದ್ದು. ಆರ್ಕೆಸ್ಟ್ರಾ ನುಡಿಸುತ್ತಾ ಹೇಳುವ ಕಥೆ, ಒಂದೊಂದು ಪಾತ್ರಕ್ಕೂ ಅದರದೇ ವಾದ್ಯ. ಹಕ್ಕಿಗೆ ಕೊಳಲು, ಬಾತುಕೋಳಿಗೆ ಓಬೋ, ಬೆಕ್ಕಿಗೆ ಕ್ಲ್ಯಾರಿನೆಟ್, ಗೊಣಗುವ ತಾತನಿಗೆ ಬಸೂನ್, ತೋಳಕ್ಕೆ ಮೂರು ಹಾರ್ನ್, ಇವೆಲ್ಲಾ ಊದುವ ವಾದ್ಯಗಳೇ. ನಾವು ತಾತನ ಭಾಗ ಮಾತ್ರ ಹಾಕುತ್ತಿದ್ದೆವು. ದೊಡ್ಡವನು ಬೆನ್ನು ಬಗ್ಗಿಸಿ, ಬೆರಳು ಆಡಿಸಿ, ತಮ್ಮನನ್ನು ಗದರುತ್ತಾ ಮನೆಯೆಲ್ಲಾ ಓಡಾಡುತ್ತಿದ್ದ. ಹಾಲ್‌ನಲ್ಲಿ ಬಸೂನ್ ಶುರುವಾದದ್ದೇ ತಡ, ಸೀಟಿನಿಂದ ಎದ್ದು "ತಾತ ಎಲ್ಲಿ?" ಅಂತ ಹುಡುಕಿದ. ನೋಡಿದರೆ ಅಷ್ಟುದ್ದದ ಕೊಳವೆ ಹಿಡಿದು ಊದುತ್ತಿದ್ದದ್ದು ಒಬ್ಬ ಹುಡುಗಿ! ಆಮೇಲೆ ಅವನ ಕಣ್ಣು ಅಲ್ಲಿಂದ ಕದಲಲಿಲ್ಲ. ಎಲ್ಲಾ ವಾದ್ಯಗಳ ಹೆಸರು ಬಾಯಿಪಾಠ ಮಾಡಿಸುವುದು ಬೇಡ, ಒಂದು ವಾದ್ಯದ ಗುರುತು ಹತ್ತಿಸಿ ಸಾಕು.

ಇನ್ನೊಬ್ಬರು: ನಮ್ಮವನಿಗೆ ಜೋರು ಸದ್ದು ಆಗುವುದಿಲ್ಲ. ಟಿಂಪನಿ ಅನ್ನುವ ದೊಡ್ಡ ಡ್ರಮ್ ಬಾರಿಸಿದರೆ ಎದೆಯೇ ನಡುಗುತ್ತದೆ, ಮಕ್ಕಳಿಗೆ ಕೇಳಬೇಕೇ. ಕಿವಿ ಮುಚ್ಚುವ ಹೆಡ್‌ಫೋನ್ ಇಟ್ಟುಕೊಳ್ಳಿ. 'ರಿಲ್ಯಾಕ್ಸ್ಡ್' ಅಂತ ಹಾಕಿರುವ ಕಾನ್ಸರ್ಟ್ ಸಿಕ್ಕರೆ ಇನ್ನೂ ಒಳ್ಳೆಯದು. ಪೂರ್ತಿ ಕತ್ತಲೆ ಮಾಡುವುದಿಲ್ಲ, ಮಕ್ಕಳು ಎದ್ದು ಓಡಾಡಬಹುದು, ಹೊರಗೆ ಹೋಗಿ ಮತ್ತೆ ಬರಬಹುದು. ಮಧ್ಯೆ ಎದ್ದು ಬಂದರೆ ಏನೂ ಆಗುವುದಿಲ್ಲ ರೀ, ಅರ್ಧ ಕೇಳಿದ್ದೂ ಕೇಳಿದ್ದೇ ಅಲ್ವಾ?

ಮಕ್ಕಳಿಗೆ ಚೆಲ್ಲೊ ಹೇಳಿಕೊಡುವವರು: ಸೀಟಿನ ವಿಷಯ ಯಾರೂ ಹೇಳಲಿಲ್ಲ. ತೀರಾ ಮುಂದೆ ಕೂತರೆ ಪಿಟೀಲಿನವರ ಬೂಟು ಕಾಣುತ್ತದೆ ಅಷ್ಟೆ. ಊದುವ ವಾದ್ಯ, ಡ್ರಮ್ ಎಲ್ಲಾ ಅವರ ಹಿಂದೆ. ಸ್ವಲ್ಪ ಎತ್ತರದ ಸೀಟು ತೆಗೆಯಿರಿ, ಎದುರಿಗೆ ಕಂಬಿ ಅಡ್ಡ ಬರುತ್ತದಾ ಅಂತ ಕೇಳಿಕೊಳ್ಳಿ. ಬೇಗ ಹೋಗಿ ಕೂತರೆ ಓಬೋದವರು ಒಂದು ಸ್ವರ ಹಿಡಿದು, ಮಿಕ್ಕವರೆಲ್ಲಾ ಅದಕ್ಕೆ ಶ್ರುತಿ ಮಾಡಿಕೊಳ್ಳುವುದು ಸಿಗುತ್ತದೆ. ಮನೆಯಲ್ಲಿ ತಂಬೂರಿ ಕೇಳಿದ ಮಕ್ಕಳು ಅದನ್ನು ಥಟ್ಟನೆ ಹಿಡಿಯುತ್ತಾರೆ.

ಹೊರಗಿನ ಹಜಾರದಲ್ಲಿ ವಾದ್ಯ ಮುಟ್ಟಿ ನೋಡಲು ಬಿಡುತ್ತಿದ್ದರೆ ತಪ್ಪಿಸಬೇಡಿ. ಚಿಕ್ಕವಳನ್ನು ನೇರ ಪ್ಲಾಸ್ಟಿಕ್ ಟ್ರಾಂಬೋನ್ ಹತ್ತಿರ ಕರೆದುಕೊಂಡು ಹೋಗಿ. ಊದಿದರೆ ಬರೀ ಗಾಳಿ ಬರುತ್ತದೆ. ತುಟಿ ಸೇರಿಸಿ ಪುರ್ರ್ ಅನ್ನಿಸಬೇಕು. ಆ ವಯಸ್ಸಿನವರು ದಿನಾ ಊಟದ ಹೊತ್ತಿನಲ್ಲಿ ಮಾಡಿ ಬೈಸಿಕೊಳ್ಳುವ ಕೆಲಸವೇ ಅದು. ಪಿಟೀಲು ಆಮೇಲೆ. ಮೊದಲ ಸಲ ಕಿರ್ರ್ ಅಂದರೆ ಮುಖ ಸಪ್ಪಗಾಗುತ್ತದೆ.

ಇನ್ನು ಸಂಯೋಜಕ ಬೆಂಜಮಿನ್ ಬ್ರಿಟನ್ ಅವರ 1946ರ 'ಯಂಗ್ ಪರ್ಸನ್ಸ್ ಗೈಡ್ ಟು ದಿ ಆರ್ಕೆಸ್ಟ್ರಾ', ಅಂದರೆ ಆರ್ಕೆಸ್ಟ್ರಾದ ವಾದ್ಯಗಳನ್ನು ಪರಿಚಯಿಸುವ ಕೃತಿ, ಕೇಳಿಸಿ ಅಂತ ಎಲ್ಲರೂ ಹೇಳುತ್ತಾರೆ. ಮಗನಿಗೆ ಸರಿ. ನಾಲ್ಕು ವರ್ಷದವಳಿಗೆ ಬೇಡ ಅಂತಲೇ ನನ್ನ ಅಭಿಪ್ರಾಯ, ಅದರಲ್ಲಿ ಕಥೆ ಇಲ್ಲ. ಫ್ರಾನ್ಸಿನ ಸಂಯೋಜಕ ಸ್ಯಾಂ-ಸಾನ್ಸ್ ಬರೆದ 'ಕಾರ್ನಿವಲ್ ಆಫ್ ದಿ ಆನಿಮಲ್ಸ್' ಹಾಕಿ. 14 ಚಿಕ್ಕ ಚಿಕ್ಕ ತುಣುಕು. ಅದರಲ್ಲಿ ಆಮೆಗಳಿಗೆ ಕ್ಯಾನ್-ಕ್ಯಾನ್ ಕುಣಿತದ ಧಾಟಿಯನ್ನೇ ತೀರಾ ನಿಧಾನವಾಗಿ ನುಡಿಸುತ್ತಾರೆ. ಮೊದಲು ವೇಗದ್ದು ಕೇಳಿಸಿ ಕುಣಿಸಿ, ಆಮೇಲೆ ಆಮೆಯದ್ದು ಹಾಕಿ. ಬಿದ್ದು ಬಿದ್ದು ನಗುತ್ತಾರೆ.

ಮಗಳ ಮನೆಗೆ ಬಂದಿರುವ ಮೈಸೂರಿನ ತಾತ: ನೋಡಮ್ಮ, ಇದು ನಮಗೆ ಅಷ್ಟೇನೂ ದೂರದ್ದಲ್ಲ. ನಮ್ಮ ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರು. 1940ರ ದಶಕದ ಕೊನೆಯಲ್ಲಿ ದುಡ್ಡು ಕೊಟ್ಟು ಆ ಆರ್ಕೆಸ್ಟ್ರಾದ ಕೈಹಿಡಿದವರು. ಅದೇ ಫಿಲ್ಹಾರ್ಮೋನಿಯಾ ಇವತ್ತಿಗೂ ಥೇಮ್ಸ್ ದಡದ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ನುಡಿಸುತ್ತದೆ. ಮಗನಿಗೆ ಇದನ್ನೂ ಹೇಳು. ದಸರಾಕ್ಕೆ ಊರಿಗೆ ಬಂದರೆ ಪೊಲೀಸ್ ಬ್ಯಾಂಡ್ ಕೇಳಿಸು. ಅಲ್ಲಿ ಮಕ್ಕಳು ಎಷ್ಟು ಗಲಾಟೆ ಮಾಡಿದರೂ ಯಾರೂ ತಿರುಗಿ ನೋಡುವುದಿಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ ಸೇಂಟ್ ಲ್ಯೂಕ್ಸ್, ಮಗನನ್ನು ಇವರು ಬಾರ್ಬಿಕನ್‌ಗೆ ಕರೆದುಕೊಂಡು ಹೋಗುತ್ತಾರಂತೆ. ತಳ್ಳುಗಾಡಿ ಒಳಗೆ ಬಿಡುತ್ತಾರಾ?

ಇಬ್ಬರು ಗಂಡುಮಕ್ಕಳ ಅಮ್ಮ: ಸಾಮಾನ್ಯವಾಗಿ ಹೊರಗೇ ಇಡಿಸುತ್ತಾರೆ. ಅದಕ್ಕೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ಬಾತ್‌ರೂಮಿಗೂ ಮೊದಲೇ ಕರೆದುಕೊಂಡು ಹೋಗಿಬಿಡಿ, ಶುರುವಾಗುವ ಹೊತ್ತಿಗೆ ಅಲ್ಲಿ ಕ್ಯೂ ಜಾಸ್ತಿ.