ಕದ್ದ ಪಿಡಿಎಫ್ ತೆಗೆಸುವುದು ಹೇಗೆ?

ಚಾಮರಾಜಪೇಟೆ ಪ್ರಕಾಶಕಿ: ನಮ್ಮ ಹೊಸ ಕಥಾಸಂಕಲನ ಅಂಗಡಿಗೆ ಬಂದು ಇನ್ನೂ ತಿಂಗಳಾಗಿಲ್ಲ. ಆಗಲೇ ಪೂರ್ತಿ ಪಿಡಿಎಫ್ ಒಂದು ಸೈಟಲ್ಲಿದೆ. ಪುಟದ ಅಂಚಲ್ಲಿ ಸ್ಕ್ಯಾನ್ ಮಾಡಿದವರ ಹೆಬ್ಬೆರಳೂ ಕಾಣುತ್ತದೆ. ಪುಸ್ತಕದ ಹೆಸರು ಹುಡುಕಿದರೆ ಮೊದಲು ಬರುವುದೇ ಅದು. ಗೂಗಲ್‌ಗೆ ದೂರು ಕೊಟ್ಟರೆ ಸಾಕಾ?

ವಿಜಯನಗರದ ವೆಬ್ ಕೆಲಸಗಾರ: ಸಾಲದು ಮೇಡಂ. ಗೂಗಲ್ ತೆಗೆಯುವುದು ಹುಡುಕಾಟದಲ್ಲಿ ಬರುವ ಲಿಂಕನ್ನು ಮಾತ್ರ. ಫೈಲ್ ಸೈಟಲ್ಲೇ ಇರುತ್ತದೆ. ಸೈಟಿಗೆ ಜಾಗ ಕೊಟ್ಟಿರುವ ಹೋಸ್ಟಿಂಗ್ ಕಂಪನಿಗೂ ದೂರು ಕೊಡಿ. ಮುಖಪುಟದ ವಿಳಾಸ ಕೊಟ್ಟರೆ ನಡೆಯಲ್ಲ, ಫೈಲ್ ಇರುವ ಪುಟದ ಪೂರ್ತಿ ಯುಆರ್‌ಎಲ್ ಬೇಕು. ಕಂಪನಿ ಅಮೆರಿಕದ್ದಾದರೆ ಅಲ್ಲಿನ 1998ರ ಡಿಎಂಸಿಎ ಎಂಬ ಕೃತಿಸ್ವಾಮ್ಯ ಕಾಯ್ದೆಯ ನೋಟಿಸ್ ಕಳಿಸಿ. ಅದಕ್ಕೆ ವಕೀಲರೇ ಬೇಕು ಅಂತಿಲ್ಲ.

ಯಲಹಂಕದ ಓದುಗ: ಬೇಜಾರು ಮಾಡಿಕೊಳ್ಳಬೇಡಿ. ಇವತ್ತು ತೆಗೆಸಿದರೆ ನಾಳೆ ಇನ್ನೊಂದು ಸೈಟಲ್ಲಿ ಬರುತ್ತದೆ. ನೀವು ಇ-ಪುಸ್ತಕ ಮಾಡದಿದ್ದರೆ ಪರದೇಶದಲ್ಲಿರುವ ಕನ್ನಡಿಗರು ಏನು ಮಾಡಬೇಕು? ಕೆಲವು ಹಳೇ ಪುಸ್ತಕಗಳಂತೂ ಅವೆನ್ಯೂ ರಸ್ತೆ ಪೂರ್ತಿ ಅಲೆದರೂ ಸಿಗಲ್ಲ.

ಪ್ರಕಾಶಕಿ: ಅಚ್ಚು ಮುಗಿದ ಪುಸ್ತಕದ ಮಾತು ಬೇರೆ. ಇದು ಅಂಗಡಿಯಲ್ಲಿ ಸಿಗುವ ಪುಸ್ತಕ. ಪ್ರೆಸ್ಸಿನವರ ಬಾಕಿಯೇ ತೀರಿಲ್ಲ. ಲೇಖಕಿಗೆ ಇದು ಮೊದಲ ಪುಸ್ತಕ, ಅವರಿಗೆ ಗೌರವಧನ ಎಲ್ಲಿಂದ ಕೊಡಲಿ? ಓದಬೇಕು ಅನ್ನುವವರು ನಮ್ಮನ್ನೊಂದು ಮಾತು ಕೇಳಬಹುದಿತ್ತು ಅಲ್ವಾ?

ಮಲ್ಲೇಶ್ವರದ ವಕೀಲೆ: ನಮ್ಮ ಕಾನೂನಲ್ಲೂ ದಾರಿ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಸಿ) ಕಲಂ ಮತ್ತು ಅದರ 2013ರ ನಿಯಮಗಳನ್ನು ನೋಡಿ. ಲಿಂಕ್ ಒದಗಿಸುವವರಿಗೆ ನೀವು ಲಿಖಿತ ದೂರು ಕೊಟ್ಟಾಗ, ಅದು ಸರಿ ಅನ್ನಿಸಿದರೆ ಅವರು 36 ಗಂಟೆಯೊಳಗೆ ಆ ಲಿಂಕನ್ನು ತಡೆಯಬೇಕು. 21 ದಿನದಲ್ಲಿ ನೀವು ಕೋರ್ಟ್ ಆದೇಶ ತರದಿದ್ದರೆ ಅವರು ಮತ್ತೆ ತೆರೆಯಬಹುದು. ಸಣ್ಣ ಪ್ರಕಾಶಕರು ಸೋಲುವುದು ಇಲ್ಲೇ. ಸಿನಿಮಾದವರು 2019ರಲ್ಲಿ ದೆಹಲಿ ಹೈಕೋರ್ಟಿನಿಂದ ಡೈನಾಮಿಕ್ ತಡೆಯಾಜ್ಞೆ ತಂದರು. ಹೆಸರು ಬದಲಿಸಿಕೊಂಡು ಬರುವ ನಕಲು ಸೈಟುಗಳನ್ನೂ ಅದೇ ಆದೇಶಕ್ಕೆ ಸೇರಿಸಬಹುದು, ಪ್ರತಿ ಸಲ ಹೊಸ ಕೇಸು ಹಾಕಬೇಕಿಲ್ಲ. ಆದರೆ ಖರ್ಚು ಜಾಸ್ತಿ. ನಾಲ್ಕಾರು ಪ್ರಕಾಶಕರು ಸೇರಿ ಹೋದರೆ ಆದೀತು.

ಓದುಗ: ಹಾಗೆ ಸೇರಿದಾಗ ಕಡಿಮೆ ಬೆಲೆಯ ಇ-ಪುಸ್ತಕವನ್ನೂ ತನ್ನಿ. ದುಡ್ಡು ಕೊಟ್ಟು ಓದುವವರು ಇದ್ದೇವೆ.

ವೆಬ್ ಕೆಲಸಗಾರ: ಇನ್ನೊಂದು ಮಾತು. ಹೆಸರು ಹುಡುಕಿದಾಗ ಬಂದದ್ದನ್ನೆಲ್ಲ ಸುಮ್ನೆ ಪಟ್ಟಿಗೆ ಹಾಕಬೇಡಿ. ಪುಸ್ತಕಕ್ಕೆ ಯಾರೋ ಪ್ರೀತಿಯಿಂದ ಬರೆದ ವಿಮರ್ಶೆಯೂ ಹುಡುಕಾಟದಿಂದ ಹೋಗಿಬಿಡುತ್ತದೆ. ಒಂದೊಂದು ಲಿಂಕನ್ನೂ ತೆರೆದು ನೋಡಿ.

ಪ್ರಕಾಶಕಿ: ಆಯ್ತು, ಇವತ್ತೇ ಕೂತು ಪಟ್ಟಿ ಮಾಡುತ್ತೇನೆ. ಅದೇ ಸೈಟಲ್ಲಿ ಬೇರೆಯವರ ಪುಸ್ತಕಗಳೂ ಕಂಡವು. ಆ ಪ್ರಕಾಶಕರಿಗೂ ಫೋನ್ ಮಾಡುತ್ತೇನೆ. ಇ-ಪುಸ್ತಕದ ಮಾತನ್ನೂ ಅಲ್ಲೇ ಎತ್ತುತ್ತೇನೆ.