ಸಹಾಯ ಬೇಕು: ಚಿನ್ನದ ಗಿನಿ ನಾಣ್ಯದಂತೆ ಕಾಣುವ ಹಿತ್ತಾಳೆ ಬಿಲ್ಲೆಗಳು

ಎಲ್ಲರಿಗೂ ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಇಲ್ಲಿನ ಹಳೆ ಸಾಮಾನಿನ ಸಂತೆಯಲ್ಲಿ ಇಸ್ಪೀಟ್ ಎಲೆಗಳ ಡಬ್ಬಿಯೊಂದನ್ನು ಕೊಂಡೆ. ಒಳಗೆ ಏಳು ಹಳದಿ ಬಿಲ್ಲೆಗಳಿದ್ದವು. ಹಿತ್ತಾಳೆಯೇ, ಆಸೆ ಪಡಬೇಡಿ!

ಆರರಲ್ಲಿ ಮೂರನೇ ಜಾರ್ಜ್ ದೊರೆಯ ತಲೆ, ಹಿಂದೆ ಇಸ್ಪೀಟ್ ಎಲೆಯ ಸ್ಪೇಡ್ ಗುರುತಿನ ಆಕಾರದ ಗುರಾಣಿ. 1787ರಿಂದ 1799ರವರೆಗೆ ಬಂದ ಇಂಥ ಗುರಾಣಿಯ ಗಿನಿಯ, ಅಂದರೆ ಇಂಗ್ಲೆಂಡಿನ ಹಳೆಯ ಚಿನ್ನದ ನಾಣ್ಯದ, ನಕಲು ಇದು. ಅಸಲಿ ಗಿನಿ ಸುಮಾರು 8.35 ಗ್ರಾಂ ತೂಗುತ್ತಿತ್ತು, ಇವು 3 ಗ್ರಾಂ ಕೂಡ ಇಲ್ಲ. ಅಂಚಿನಲ್ಲಿ 'ಇನ್ ಮೆಮೊರಿ ಆಫ್ ದ ಗುಡ್ ಓಲ್ಡ್ ಡೇಸ್' ಅಂತಿದೆ, ಇಸವಿ 1768. ಆಗ ಈ ಗುರಾಣಿಯ ಗಿನಿಯೇ ಬಂದಿರಲಿಲ್ಲ, ಅಲ್ವಾ? ಹಾಗಾಗಿ ಇಸವಿಯನ್ನು ನಂಬುವ ಹಾಗಿಲ್ಲ. ಇಂಥವನ್ನು 19ನೇ ಶತಮಾನದಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಜಾಸ್ತಿ ಮಾಡುತ್ತಿದ್ದರು. ಇಸ್ಪೀಟ್ ಆಟದಲ್ಲಿ ಲೆಕ್ಕ ಇಡೋಕೆ ಬಳಕೆ.

ಏಳನೆಯದು ಬೇರೆ. ವಿಕ್ಟೋರಿಯಾ ರಾಣಿಯ ಮುಖ, ಹಿಂದೆ ಕುದುರೆ ಸವಾರ, 'ಟು ಹ್ಯಾನೋವರ್', 1837. ಜರ್ಮನಿಯ ಹ್ಯಾನೋವರ್ ರಾಜ್ಯಕ್ಕೂ ಅಲ್ಲಿಯವರೆಗೆ ಇಂಗ್ಲೆಂಡಿನ ದೊರೆಯೇ ದೊರೆ. ಆದರೆ ಅಲ್ಲಿ ಹೆಣ್ಣಿಗೆ ಪಟ್ಟ ಇಲ್ಲದ್ದರಿಂದ ಆ ವರ್ಷ ಅವಳ ಚಿಕ್ಕಪ್ಪ, ಕಂಬರ್‌ಲ್ಯಾಂಡಿನ ಡ್ಯೂಕ್, ಅಲ್ಲಿನ ದೊರೆಯಾದ. ಜನಕ್ಕೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. 'ಹೋಗಯ್ಯಾ ಹ್ಯಾನೋವರ್‌ಗೆ' ಅನ್ನೋ ಗೇಲಿ ಇದು. ನನಗಂತೂ ಇದೇ ಇಷ್ಟ.

ಈಗ ಕೇಳಬೇಕಾದ್ದು: ಜಾರ್ಜ್ ಕತ್ತಿನ ಕೆಳಗೆ ಸಣ್ಣ ಅಕ್ಷರಗಳಿವೆ, ಸವೆದುಹೋಗಿವೆ. ತಯಾರಕರ ಹೆಸರಿರಬಹುದಾ? ಅದನ್ನು ಓದಲು ಉಪಾಯ ಇದೆಯಾ? ಎರಡರ ಮೇಲ್ಭಾಗದಲ್ಲಿ ತೂತು ಕೊರೆದಿದ್ದಾರೆ, ಸರಕ್ಕೆ ಪೋಣಿಸಲು ಇರಬೇಕು. ನಿಮ್ಮ ಹತ್ತಿರ ಇಂಥದ್ದಿದ್ದರೆ ಎರಡೂ ಬದಿಯ ಫೋಟೋ ಹಾಕಿ. ಹುಣಸೆಹಣ್ಣು ಹಾಕಿ ಉಜ್ಜು ಅಂತ ಮಾತ್ರ ಹೇಳಬೇಡಿ, ಅಮ್ಮ ಆಗಲೇ ಹೇಳಿದ್ದಾರೆ.